ಪಂಪಿಗೆ ಗಾಲಿ ಇಲ್ಲ, ಗಾಡಿಗೆ ಇವೆ

ಬೀದರ್ ಸೀಮೆಯ ಮಂಠಾಳ ಹೋಬಳಿಯ ಹೊಲಗಳಲ್ಲಿ ದೂರದಿಂದ ಮೋಟರ್ ಚಾಲೂ ಮಾಡುವುದು ಈಗ ಯಾರಿಗೂ ಸೋಜಿಗವಲ್ಲ. ಬೋರಿನ ಸ್ಟಾರ್ಟರ್ ಡಬ್ಬಿಯ ಪಕ್ಕದಲ್ಲಿ ಸಿಮ್ ಹಾಕಿದ ಇನ್ನೊಂದು ಸಣ್ಣ ಡಬ್ಬಿ ಕೂತಿರುತ್ತದೆ. ಮನೆಯಿಂದಲೇ ಒಂದು ಫೋನ್ ಹಚ್ಚಿದರೆ ಕಬ್ಬಿಗೆ ನೀರು ಹರಿಯುತ್ತದೆ. ಜೆಸ್ಕಾಂನ ತ್ರೀ ಫೇಸ್ ಕರೆಂಟು ಪಾಳಿ ಪ್ರಕಾರ ಬರುವಂಥದ್ದು. ಪಾಳಿ ನಡುರಾತ್ರಿಗೆ ಬಿದ್ದರೆ ಬ್ಯಾಟರಿ ಹಿಡಿದು, ಹಾವು ಚೇಳಿನ ಅಂಜಿಕೆಯಲ್ಲೇ ಬದು ತುಳಿದು ಹೋಗಬೇಕಿದ್ದ ರೈತನ ನಿದ್ದೆಯನ್ನು ಈ ಡಬ್ಬಿ ಉಳಿಸಿತು. ಪುಣೆಯ ಎಂಜಿನಿಯರ್ ಸಂತೋಷ್ ಓಸ್ತ್ವಾಲ್ ಇದೇ ಕಷ್ಟಕ್ಕೆಂದು ರೂಪಿಸಿದ ‘ನ್ಯಾನೋ ಗಣೇಶ್’ 2009ರಲ್ಲಿ ನೋಕಿಯಾ ಕಂಪನಿ ನಡೆಸಿದ ಜಾಗತಿಕ ಸ್ಪರ್ಧೆಯಲ್ಲಿ ಬಹುಮಾನ ಗೆದ್ದಿತ್ತು. ಆಮೇಲೆ ಅಂಥ ಡಬ್ಬಿಗಳು ಹತ್ತಾರು ಹೆಸರಲ್ಲಿ ಬಂದವು.

ಪಂಪಿನ ಸುಖ ಕಂಡವರಿಗೆ ಅಂಗಳದಲ್ಲಿ ನಿಂತ ಗಾಡಿಯ ಮೇಲೆ ಕಣ್ಣು ಹೋಗುವುದು ಸಹಜ. ಈ ಭಾಗದ ದುಡಿಮೆಯ ಗಾಡಿಗಳು ಯಾವುವೆಂದು ಬಸವಕಲ್ಯಾಣದಿಂದ ಹುಮನಾಬಾದಿನವರೆಗೆ ಒಮ್ಮೆ ಹೋಗಿಬಂದರೆ ತಿಳಿಯುತ್ತದೆ. ಮಂದಿಯನ್ನು ಒಳಗೂ ಮೇಲೂ ಹೇರಿಕೊಂಡ ಕ್ರೂಸರ್, ಸಂತೆಗೆ ಉಳ್ಳಾಗಡ್ಡಿ ಟೊಮೆಟೊ ಒಯ್ಯುವ ಟಾಟಾ ಏಸ್, ಮೊಸರು ಹಾಲು ಬ್ರೆಡ್ಡಿನ ಮಾರುತಿ ಓಮ್ನಿ, ಇಟ್ಟಿಗೆ ಸಿಮೆಂಟಿನ ಬೊಲೆರೊ ಪಿಕಪ್. ಇವುಗಳಲ್ಲಿ ಬಹಳಷ್ಟು ಹತ್ತು ಹದಿನೈದು ವರ್ಷ ದುಡಿದು ಬಂದವು, ಎರಡು ಮೂರು ಕೈ ಬದಲಾದವು. ಇಂಥ ಗಾಡಿಯ ಮಾಲೀಕ ಮಿಸ್ತ್ರಿಯ ಮುಂದೆ ನಿಂತು ಕೇಳುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

“ಪಂಪ್ ಹೆಂಗ ಫೋನಿನ ಮ್ಯಾಲ ಚಾಲೂ ಆಗ್ತದಲ್ಲ, ಹಂಗ ಈ ಗಾಡಿನೂ ಆಗಬೇಕು ನೋಡಪಾ. ಮುಂಜಾನಿ ಚಾ ಕುಡಿಯೋದ್ರಾಗ ಎಂಜಿನ್ ಬಿಸಿ ಆಗಿರಬೇಕು.”

“ಆಗ್ತದ ಕಾಕಾ, ಯಾಕ ಆಗಲ್ಲ? ಆದ್ರ ಒಂದ್ ಮಾತು ಹೇಳ್ರಿ. ರಾತ್ರಿ ನೀವು ಗಾಡಿ ಗೇರಿನಾಗ ನಿಂದ್ರಸ್ತೀರೋ, ಖಾಲಿ ನಿಂದ್ರಸ್ತೀರೋ?”

ಮಿಸ್ತ್ರಿಯ ಈ ಪ್ರಶ್ನೆಯಲ್ಲೇ ಇಡೀ ವಿಷಯ ಅಡಗಿದೆ. ವಾಯರ್ ಜೋಡಿಸುವುದು ಅರ್ಧ ದಿನದ ಕೆಲಸ. ಗಾಡಿ ನ್ಯೂಟ್ರಲ್‌ನಲ್ಲಿದೆಯೋ ಇಲ್ಲವೋ ಎಂದು ಡಬ್ಬಿಗೆ ತಿಳಿಸುವುದೇ ನಿಜವಾದ ಕೆಲಸ. ಅಗ್ಗದ ಕಿಟ್‌ಗಳು ಬಿಟ್ಟುಬಿಡುವುದೂ ಅದನ್ನೇ.

ಮೊದಲು ಕೀಲಿ ಏನು ಮಾಡುತ್ತದೆ ನೋಡೋಣ. ಹಳೆಯ ಗಾಡಿಯ ಕೀಲಿಗುಂಡಿಯ ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದರೆ ನಾಲ್ಕೈದು ದಪ್ಪ ವಾಯರುಗಳು ಕಾಣುತ್ತವೆ. ಒಂದು ಬ್ಯಾಟರಿಯಿಂದ ಸದಾ ಕರೆಂಟು ತರುವುದು. ಇನ್ನೊಂದು ಕೀಲಿಯನ್ನು ‘ಆನ್’ಗೆ ತಿರುಗಿಸಿದಾಗ ಜೀವ ಪಡೆಯುವುದು. ಮತ್ತೊಂದು ಕೊನೆಯವರೆಗೆ ತಿರುಗಿಸಿ ಹಿಡಿದಷ್ಟು ಹೊತ್ತು ಮಾತ್ರ ಸೆಲ್ಫ್ ಮೋಟರಿಗೆ ಹುಕುಂ ಕೊಡುವುದು. ಜರ್ಮನ್ ಪದ್ಧತಿಯ ಅಂಕಿಗಳಲ್ಲಿ ಇವು ಕ್ರಮವಾಗಿ 30, 15 ಮತ್ತು 50. ಅನೇಕ ಸ್ವಿಚ್ಚುಗಳ, ಸೆಲ್ಫ್ ಮೋಟರುಗಳ ಮೇಲೆ ಈ ಅಂಕಿಗಳು ಕೊರೆದೇ ಇರುತ್ತವೆ. ಅರ್ತಿಂಗಿನದು 31. ರಿಮೋಟ್ ಡಬ್ಬಿ ಮಾಡುವುದು ಇಷ್ಟೇ: ಕೈ ಕೀಲಿ ತಿರುಗಿಸುವ ಬದಲು ಒಳಗಿನ ರಿಲೇಗಳು 30ರ ಕರೆಂಟನ್ನು ಮೊದಲು 15ಕ್ಕೆ, ಆಮೇಲೆ ಕೆಲವು ಸೆಕೆಂಡು 50ಕ್ಕೆ ಕೊಡುತ್ತವೆ. ಸೆಲ್ಫ್ ಮೋಟರು ಎಂಜಿನ್ ತಿರುಗಿಸುವಾಗ ನೂರು ಆಂಪಿಯರಿಗೂ ಮೀರಿ ಎಳೆಯುತ್ತದೆ. ಅದು ದಪ್ಪ ಕೇಬಲ್ಲಿನ ದಾರಿ, ನಮ್ಮ ಡಬ್ಬಿಗೆ ಅದರ ಗೊಡವೆ ಇಲ್ಲ. ಆದರೆ ಆ ಮೋಟರಿನ ಸೊಲೆನಾಯ್ಡ್ ಎಳೆಯುವುದೂ ಕಡಿಮೆಯೇನಲ್ಲ. ಅದಕ್ಕೇ ಒಳ್ಳೆಯ ಇಲೆಕ್ಟ್ರಿಷಿಯನ್ 30, 40 ಆಂಪಿಯರಿನ ಬೇರೆ ರಿಲೇ ಹಾಕಿ, ಬ್ಯಾಟರಿಯ ಹತ್ತಿರವೇ ಫ್ಯೂಸು ಕೂರಿಸುತ್ತಾನೆ. ಅವಸರದವನು ಕೀಲಿ ವಾಯರಿನ ಸಿಪ್ಪೆ ಸುಲಿದು, ಹೊಸ ವಾಯರು ಸುತ್ತಿ, ಕರಿ ಟೇಪು ಹಚ್ಚಿ ಕೈ ತೊಳೆದುಕೊಳ್ಳುತ್ತಾನೆ. ನಮ್ಮ ಮೇ ತಿಂಗಳ ಬಿಸಿಲಿಗೆ ಡ್ಯಾಶ್‌ಬೋರ್ಡಿನ ಕೆಳಗೆ ಆ ಟೇಪಿನ ಅಂಟು ಕರಗಿ ಜಾರುತ್ತದೆ. ಆಮೇಲೆ ಓಡುವ ಗಾಡಿ ಒಮ್ಮೆಲೇ ಬಂದ್ ಬೀಳಬಹುದು, ಇಲ್ಲವೇ ಹೊಗೆ ಏಳಬಹುದು.

ಪೆಟ್ರೋಲ್ ಗಾಡಿಯಾದರೆ ಕಥೆ ಬಹುಪಾಲು ಇಲ್ಲಿಗೆ ಮುಗಿಯಿತು. 1984ರಲ್ಲಿ ‘ಮಾರುತಿ ವ್ಯಾನ್’ ಆಗಿ ಬಂದು 2019ರಲ್ಲಿ ನಿಂತುಹೋದ ಓಮ್ನಿಯ 796 ಸಿಸಿ ಎಂಜಿನ್ ಇಂಥ ಜೋಡಣೆಗೆ ಸುಲಭ. ಹಳೆಯ ಕಾರ್ಬ್ಯುರೇಟರ್ ಓಮ್ನಿಗೆ ಮಾತ್ರ ಚಳಿಯಲ್ಲಿ ಚೋಕ್ ಎಳೆಯಬೇಕು. ಚೋಕ್ ಎಳೆಯಲು ರಿಮೋಟಿಗೆ ಕೈ ಇಲ್ಲ.

ಡೀಸೆಲ್‌ನ ಗುಣ ಬೇರೆ. ಅದರಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಅದರೊಳಗೆ ಎಣ್ಣೆ ಸಿಡಿಸಬೇಕು. ಸಿಲಿಂಡರಿನ ಮೇಲೆ ಸಣ್ಣ ಉಪಕೋಣೆ ಇರುವ ಹಳೆಯ ಮಾದರಿಯ ಎಂಜಿನ್ನುಗಳಲ್ಲಿ ಈ ಕಾವು ಬೇಗ ಸೋರಿಹೋಗುತ್ತದೆ. ಅದಕ್ಕಾಗಿ ಅವುಗಳಿಗೆ ಗ್ಲೋ ಪ್ಲಗ್ ಬೇಕು. ನಮ್ಮ ಕಡೆ ಡ್ರೈವರುಗಳು ‘ಹೀಟರ್’ ಅನ್ನುವುದು ಇದನ್ನೇ. 1958ರಲ್ಲಿ ಶುರುವಾಗಿ 2005ರಲ್ಲಿ ಫೋರ್ಸ್ ಮೋಟರ್ಸ್ ಆದ, ಕ್ರೂಸರ್ ಮಾಡುವ ಪುಣೆಯ ಬಜಾಜ್ ಟೆಂಪೋ, ಮರ್ಸಿಡಿಸ್‌ನಿಂದ ಪರವಾನಗಿ ಪಡೆದು ಮಾಡಿದ 2.4 ಲೀಟರಿನ ಎಂಜಿನ್ನೂ ಇದೇ ಜಾತಿಯದು. 2005ರಲ್ಲಿ ಬಂದು ‘ಛೋಟಾ ಹಾಥಿ’ ಎಂದು ಹೆಸರಾದ ಟಾಟಾ ಏಸ್‌ನ ಎರಡು ಸಿಲಿಂಡರಿನ 702 ಸಿಸಿ ಡೀಸೆಲ್ಲೂ ಉಪಕೋಣೆಯದೇ. ಚಳಿಯಲ್ಲಿ ಹೀಟರ್ ದೀಪ ಆರುವವರೆಗೆ ಕಾಯ್ದು ಸೆಲ್ಫ್ ಹೊಡೆಯಬೇಕೆಂಬುದು ಡ್ರೈವರಿಗೆ ರೂಢಿಯಿಂದ ಗೊತ್ತು. ಡಬ್ಬಿಗೆ ಗೊತ್ತಿಲ್ಲ. ದೀಪದ ವಾಯರನ್ನು ಡಬ್ಬಿಗೆ ಜೋಡಿಸಬೇಕು, ಇಲ್ಲವೇ ಹದಿನೈದು ಇಪ್ಪತ್ತು ಸೆಕೆಂಡು ತಡೆದು ಸೆಲ್ಫ್ ಕೊಡುವಂತೆ ಅದನ್ನು ಹೊಂದಿಸಬೇಕು. ಹೊಂದಿಸಲು ಬರದ ಡಬ್ಬಿಯಾದರೆ ತಣ್ಣನೆಯ ಎಂಜಿನ್ನನ್ನು ಸುಮ್ಮನೆ ತಿರುಗಿಸಿ ತಿರುಗಿಸಿ ಬ್ಯಾಟರಿ ಮುಗಿಸುತ್ತದೆ, ಅಷ್ಟೇ.

ಬಂದ್ ಮಾಡುವುದು ಇನ್ನೊಂದು ತಕರಾರು. ಹಳೆಯ ಕೆಲವು ಡೀಸೆಲ್ ಗಾಡಿಗಳಲ್ಲಿ ಕೀಲಿ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ. ಡೀಸೆಲ್ ಪಂಪು ಪೂರ್ತಿ ಯಾಂತ್ರಿಕ, ಎಣ್ಣೆ ಸಿಗುವವರೆಗೆ ಎಂಜಿನ್ ಓಡುತ್ತಲೇ ಇರುತ್ತದೆ. ಸ್ಟೇರಿಂಗಿನ ಕೆಳಗಿನ ಗುಬ್ಬಿ ಎಳೆದು ಎಣ್ಣೆ ಕಡಿದರೆ ಮಾತ್ರ ನಿಲ್ಲುತ್ತದೆ. ಇಂಥ ಪಂಪಿಗೆ ಇವತ್ತಿಗೂ ನಮ್ಮ ಮಿಸ್ತ್ರಿಗಳು ‘ಮೈಕೊ ಪಂಪ್’ ಅನ್ನುತ್ತಾರೆ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿದ ಮೈಕೊ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜಿನ ಬಾಯಲ್ಲಿ ಬದಲಾಗಲಿಲ್ಲ. ಗುಬ್ಬಿ ಎಳೆಯುವ ಗಾಡಿಗೆ ರಿಮೋಟ್ ಹಾಕಿದರೆ ದೂರದಿಂದ ಚಾಲೂ ಮಾಡಬಹುದು, ದೂರದಿಂದ ನಿಲ್ಲಿಸಲಾಗದು. ಎಣ್ಣೆ ಕಡಿಯುವ ಸೊಲೆನಾಯ್ಡ್ ಒಂದನ್ನು ಬೇರೆಯಾಗಿ ಕೂರಿಸದೆ ಅಂಥ ಗಾಡಿಯನ್ನು ಮುಟ್ಟಲೇಬಾರದು.

ಎಂಜಿನ್ ಹತ್ತಿತೋ ಇಲ್ಲವೋ ಎಂಬುದನ್ನೂ ಡಬ್ಬಿ ಹೇಗೋ ತಿಳಿಯಬೇಕು. ನಾವು ಕಿವಿಯಿಂದ ಕೇಳಿ ಕೀಲಿ ಬಿಡುತ್ತೇವೆ. ಡಬ್ಬಿ ಆಲ್ಟರ್ನೇಟರಿನ ತುದಿಯಿಂದಲೋ ಆಯಿಲ್ ಪ್ರೆಶರ್ ಸ್ವಿಚ್ಚಿನಿಂದಲೋ ಸುಳಿವು ಪಡೆಯಬೇಕು. ಸುಳಿವಿನ ವಾಯರು ಜೋಡಿಸದೆ ‘ಮೂರು ಸೆಕೆಂಡು ಸೆಲ್ಫ್’ ಎಂದು ಗಡಿಯಾರದ ಲೆಕ್ಕಕ್ಕೆ ಬಿಟ್ಟರೆ, ಒಂದು ದಿನ ಎಂಜಿನ್ ಹತ್ತಿದ ಮೇಲೂ ಸೆಲ್ಫ್ ಹಲ್ಲು ಫ್ಲೈವೀಲಿಗೆ ಕಚ್ಚಿಕೊಂಡೇ ಇರುತ್ತದೆ. ಆ ಕಿರ್ ಸದ್ದು ಕೇಳಿದವರಿಗೆ ರಿಪೇರಿ ಖರ್ಚು ಬೇರೆ ಹೇಳಬೇಕಿಲ್ಲ.

ಇನ್ನು ಗೇರಿನ ಮಾತು. ನಮ್ಮ ಹಳೆಯ ಕೂಲಿಗಾಡಿಗಳೆಲ್ಲ ಕೈಯಿಂದ ಗೇರ್ ಹಾಕುವಂಥವು. ಹ್ಯಾಂಡ್‌ಬ್ರೇಕ್ ಹಿಡಿಯುವ ಗಾಡಿ ಅವುಗಳಲ್ಲಿ ಅಪರೂಪ. ಕೇಬಲ್ ಸಡಿಲಾಗಿರುತ್ತದೆ, ಹಿಂದಿನ ಲೈನರ್ ಸವೆದಿರುತ್ತದೆ, ಬ್ರೇಕ್ ಆಯಿಲ್ ಸೋರಿ ಡ್ರಮ್ಮು ಜಿಡ್ಡಾಗಿರುತ್ತದೆ. ಅದಕ್ಕೇ ಡ್ರೈವರುಗಳು ಕಂಡುಕೊಂಡ ಉಪಾಯ: ಫಸ್ಟ್ ಗೇರಿನಲ್ಲಿ ನಿಲ್ಲಿಸು, ಗಾಲಿಗೆ ಕಲ್ಲು ಕೊಡು. ಕಣ್ಣೆದುರು ಇರುವ ತೊಂದರೆಗೆ ಇದು ಬುದ್ಧಿವಂತಿಕೆಯೇ. ಆದರೆ ಈ ಗಾಡಿಗೆ ರಿಮೋಟ್ ಹಾಕಿದ ದಿನದಿಂದ ಅದೇ ಉಪಾಯ ಅಪಾಯವಾಗುತ್ತದೆ. ಫಸ್ಟ್ ಗೇರಿನಲ್ಲಿ ನಿಂತ ಗಾಡಿಗೆ ಸೆಲ್ಫ್ ಹೊಡೆದರೆ ಸೆಲ್ಫ್ ಮೋಟರ್ ಒಂದೇ ಸಾಕು, ಗಾಡಿ ಕುಪ್ಪಳಿಸಿ ಮುಂದೆ ಹೋಗುತ್ತದೆ. ಕೆಟ್ಟುನಿಂತ ಗಾಡಿಯನ್ನು ಹಳಿ ಮೇಲಿಂದ ಆಚೆ ದಾಟಿಸಲು ಹಿಂದಿನವರು ಇದೇ ಯುಕ್ತಿ ಬಳಸುತ್ತಿದ್ದರು. ಎಂಜಿನ್ ಹತ್ತಿತೆಂದರೆ ಮುಗಿಯಿತು. ಡೀಸೆಲ್ ಎಂಜಿನ್ ಆಕ್ಸಲರೇಟರ್ ಒತ್ತದೆಯೇ ಗಾಡಿಯನ್ನು ನಿಧಾನವಾಗಿ ಎಳೆದುಕೊಂಡು ಹೋಗುತ್ತದೆ, ಸಣ್ಣ ಕಲ್ಲು ಅದಕ್ಕೆ ಲೆಕ್ಕವಿಲ್ಲ. ಕ್ಲಚ್ ಒತ್ತಿದರೆ ಮಾತ್ರ ಸೆಲ್ಫ್ ಬೀಳುವ ಏರ್ಪಾಡು ಇತ್ತೀಚಿನ ಅನೇಕ ಗಾಡಿಗಳಲ್ಲಿದೆ. ಈ ಹಳೆಯವುಗಳಲ್ಲಿ ಸಾಮಾನ್ಯವಾಗಿ ಇಲ್ಲ.

ಇದಕ್ಕೆ ಸೇರಿಕೊಂಡ ಇನ್ನೊಂದು ಸಂಗತಿಯನ್ನು ಮಾರುವವರು ಹೇಳುವುದೇ ಇಲ್ಲ. ಕೀಲಿ ತೆಗೆದ ಗಾಡಿಯ ಸ್ಟೇರಿಂಗ್ ಲಾಕ್ ಬಿದ್ದಿರುತ್ತದೆ. ರಿಮೋಟಿನಿಂದ ಚಾಲೂ ಆಗಿ ಹೊರಟ ಗಾಡಿಯ ಬಾಗಿಲು ತೆರೆದು ಒಳಗೆ ಹಾರಿದರೂ ಸ್ಟೇರಿಂಗ್ ತಿರುಗುವುದಿಲ್ಲ. ಅಂಗಳದಲ್ಲಿ ಆ ಹೊತ್ತಿಗೆ ಕಸ ಗುಡಿಸುವವರು, ರಂಗೋಲಿ ಹಾಕುವವರು, ಬೆಚ್ಚಗಿನ ಜಾಗ ಹುಡುಕಿ ಗಾಡಿಯ ಕೆಳಗೆ ಮಲಗಿದ ನಾಯಿ, ಬಾನೆಟ್ಟಿನೊಳಗೆ ಸೇರಿದ ಬೆಕ್ಕು ಎಲ್ಲ ಇರುತ್ತವೆ. ಪಂಪ್ ತಪ್ಪಿ ಚಾಲೂ ಆದರೆ ಒಂದಿಷ್ಟು ನೀರು ಹಾಳಾದೀತು, ಹೆಚ್ಚೆಂದರೆ ಮೋಟರ್ ಸುಟ್ಟೀತು. ಅದಕ್ಕೆ ಗಾಲಿ ಇಲ್ಲ.

ಮ್ಯಾನ್ಯುಯಲ್ ಗೇರಿನ ಗಾಡಿಗೆಂದೇ ಮಾಡಿದ ಒಳ್ಳೆಯ ಡಬ್ಬಿಗಳು ಇದಕ್ಕೆ ಒಂದು ಉಪಾಯ ಇಟ್ಟಿವೆ, ಜಾಣತನದ್ದು. ರಾತ್ರಿ ಗಾಡಿ ನಿಲ್ಲಿಸುವಾಗ ಎಂಜಿನ್ ಚಾಲೂ ಇರುವಾಗಲೇ ಹ್ಯಾಂಡ್‌ಬ್ರೇಕ್ ಎಳೆದು, ರಿಮೋಟ್ ಒತ್ತಿ, ಕೀಲಿ ತೆಗೆಯಬೇಕು. ಕೀಲಿ ತೆಗೆದರೂ ಎಂಜಿನ್ ಓಡುತ್ತಿರುತ್ತದೆ. ಡ್ರೈವರ್ ಇಳಿದು ಬಾಗಿಲು ಹಾಕಿ ಲಾಕ್ ಮಾಡಿದ ಮೇಲೆ ಡಬ್ಬಿಯೇ ಎಂಜಿನ್ ನಿಲ್ಲಿಸುತ್ತದೆ. ಕ್ಲಚ್ ಮೇಲೆ ಕಾಲಿಲ್ಲದೆ, ಒಳಗೆ ಯಾರೂ ಇಲ್ಲದೆ ಎಂಜಿನ್ ಓಡಿತೆಂದರೆ ಗಾಡಿ ನ್ಯೂಟ್ರಲ್‌ನಲ್ಲಿ ಇರಲೇಬೇಕಲ್ಲ! ಆಮೇಲೆ ಯಾವುದೇ ಬಾಗಿಲು ತೆರೆದರೂ, ಹ್ಯಾಂಡ್‌ಬ್ರೇಕ್ ಇಳಿಸಿದರೂ, ಬಾನೆಟ್ ಎತ್ತಿದರೂ ಡಬ್ಬಿ ತನ್ನ ಒಪ್ಪಿಗೆ ರದ್ದು ಮಾಡಿಕೊಂಡು ಬೆಳಿಗ್ಗೆ ಚಾಲೂ ಆಗಲು ನಿರಾಕರಿಸುತ್ತದೆ. ಇದು ನಡೆಯಬೇಕಾದರೆ ಎಲ್ಲ ಬಾಗಿಲುಗಳ, ಬಾನೆಟ್ಟಿನ, ಹ್ಯಾಂಡ್‌ಬ್ರೇಕಿನ ಸ್ವಿಚ್ಚುಗಳು ನೆಟ್ಟಗೆ ಕೆಲಸ ಮಾಡಬೇಕು. ಹದಿನೈದು ವರ್ಷದ ಕ್ರೂಸರಿನ ಬಾಗಿಲ ಸ್ವಿಚ್ಚುಗಳ ಸ್ಥಿತಿ ಅದರ ಒಳದೀಪ ನೋಡಿದರೆ ತಿಳಿಯುತ್ತದೆ. ಕ್ಲೀನರ್ ಕಿಟಕಿಯೊಳಗೆ ಕೈ ತೂರಿಸಿ ಗೇರ್ ಹಾಕಿದರಂತೂ ಯಾವ ಬಾಗಿಲ ಸ್ವಿಚ್ಚೂ ಅದನ್ನು ಹಿಡಿಯದು. ಹಾಗಾಗಿ ಇದರ ಮೇಲೆ ಗೇರ್‌ಬಾಕ್ಸಿಗೋ ಗೇರ್ ರಾಡಿಗೋ ನ್ಯೂಟ್ರಲ್ ಸ್ವಿಚ್ ಒಂದನ್ನು ಕೂರಿಸುವುದೇ ಸರಿ. ರಾಡು ನಡುವೆ ನಿಂತಾಗ ಮಾತ್ರ 50ರ ವಾಯರಿಗೆ ದಾರಿ ಬಿಡುವ ಸ್ವಿಚ್ಚು. ರಿವರ್ಸ್ ದೀಪಕ್ಕೆ ಇಂಥ ಸ್ವಿಚ್ ಗೇರ್‌ಬಾಕ್ಸಿನಲ್ಲಿ ಮೊದಲೇ ಇರುತ್ತದೆ, ಮಿಸ್ತ್ರಿಗಳಿಗೆ ಈ ಕೆಲಸ ಹೊಸದೇನಲ್ಲ. ಬಸವಕಲ್ಯಾಣದ ಆಟೋ ನಗರದಲ್ಲಿ ಲಾರಿಯ ಚಾಸಿಯನ್ನೇ ಕತ್ತರಿಸಿ ಜೋಡಿಸುವ ಕೈಗಳಿವೆ, ಅವರಿಗೆ ಒಂದು ಬ್ರಾಕೆಟ್ ಬೆಸುಗೆ ಹಾಕುವುದು ಎಷ್ಟರದು?

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ನಿಂತ ಗಾಡಿಗಳ ಬಗ್ಗೆಯೇ ಇದೆ. ಸಾರ್ವಜನಿಕ ಜಾಗದಲ್ಲಿ ಗಾಡಿ ನಿಂತಿರಬೇಕಾದರೆ ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇರುವವನು ಕೂತಿರಬೇಕು. ಇಲ್ಲದಿದ್ದರೆ ಎಂಜಿನ್ ಬಂದ್ ಮಾಡಿ, ಬ್ರೇಕ್ ಹಾಕಿ, ಅವನಿಲ್ಲದಾಗ ಗಾಡಿ ತಾನಾಗಿ ಚಲಿಸದಂತೆ ನೋಡಿಕೊಂಡಿರಬೇಕು ಎನ್ನುತ್ತದೆ ಅದು. ಸಸ್ತಾಪುರ ಬಂಗ್ಲಾದ ಹತ್ತಿರ ರಸ್ತೆ ಬದಿ ನಿಲ್ಲಿಸಿದ ಗಾಡಿಯನ್ನು ಹೋಟೆಲಿನ ಒಳಗಿಂದ ಚಾಲೂ ಮಾಡುವುದಕ್ಕೂ ಈ ಕಲಮಿಗೂ ಹೊಂದುವುದಿಲ್ಲ. ಸ್ವಂತ ಅಂಗಳದ ಮಾತು ಬೇರೆ. ಆದರೆ ನಮ್ಮೂರುಗಳಲ್ಲಿ ಅಂಗಳ ಎಲ್ಲಿ ಮುಗಿಯಿತು, ಓಣಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದವರಾರು? ವಿಮೆಯದೂ ಒಂದು ಎಚ್ಚರ. ಕಂಪನಿ ಕೊಡದ ವಿದ್ಯುತ್ ಸಾಮಾನು ಹಾಕಿಸಿದರೆ ಅದನ್ನು ಪಾಲಿಸಿಯಲ್ಲಿ ಬೆಲೆ ಸಮೇತ ಬರೆಸಿ, ಹೆಚ್ಚಿನ ಪ್ರೀಮಿಯಂ ಕಟ್ಟಬೇಕು. ಬರೆಸದೆ ಹಾಕಿಸಿದ ವಾಯರಿಂಗಿನಿಂದ ಬೆಂಕಿ ಬಿದ್ದರೆ ಕ್ಲೇಮಿನ ಹೊತ್ತಿಗೆ ಸರ್ವೇಯರು ಮೊದಲು ತೋರಿಸುವ ಬೆರಳೇ ಅದರ ಕಡೆಗೆ. ಎಂಟು ವರ್ಷ ದಾಟಿದ ಸಾರಿಗೆ ಗಾಡಿ ಪ್ರತಿ ವರ್ಷ ಫಿಟ್‌ನೆಸ್‌ಗೆ ಹೋಗಬೇಕೆಂಬುದೂ ನೆನಪಿರಲಿ.

ಗ್ಯಾಸ್ ಕಿಟ್ ಹಾಕಿದ ಓಮ್ನಿಯವರಿಗೆ ಒಂದೇ ಮಾತು: ಬೇಡ. ರಾತ್ರಿ ಸಣ್ಣಗೆ ಗ್ಯಾಸ್ ಸೋರಿದ್ದರೆ ಬೆಳಿಗ್ಗೆ ಬಾಗಿಲು ತೆರೆದವನ ಮೂಗಿಗೆ ಗೊತ್ತಾಗುತ್ತದೆ, ಅವನು ಕೀಲಿ ತಿರುಗಿಸುವುದಿಲ್ಲ. ರಿಮೋಟಿಗೆ ಮೂಗಿಲ್ಲ. ತಗಡಿನ ಶೆಡ್ಡಿನಲ್ಲಿ, ಮನೆಗೆ ಅಂಟಿದ ಕೊಟ್ಟಿಗೆಯಲ್ಲಿ ನಿಲ್ಲಿಸುವ ಪೆಟ್ರೋಲ್ ಗಾಡಿಗೂ ಇದೇ ಮಾತು. ಮುಚ್ಚಿದ ಜಾಗದಲ್ಲಿ ಓಡುವ ಎಂಜಿನ್ ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇಷ್ಟೆಲ್ಲ ಯಾತಕ್ಕೆ ಎಂದು ಕೇಳುವ ಹೊತ್ತು ಬಂತು. ರಿಮೋಟ್ ಸ್ಟಾರ್ಟ್ ಹುಟ್ಟಿ ಬೆಳೆದದ್ದು ಬೇರೆ ಹವೆಯಲ್ಲಿ. ಕೆನಡಾದ ವಿನ್ನಿಪೆಗ್‌ನಲ್ಲಿ ಜನವರಿಯ ರಾತ್ರಿಗಳು ಸೊನ್ನೆಗಿಂತ 20 ಡಿಗ್ರಿ ಕೆಳಗಿರುವುದು ಮಾಮೂಲು. ಅಲ್ಲಿ ಗಾಜಿನ ಮೇಲಿನ ಹಿಮ ಕರಗಿ, ಸೀಟು ಕೂರುವಷ್ಟು ಬೆಚ್ಚಗಾಗಲು ಎಂಜಿನ್ನು ಮೊದಲೇ ಓಡಬೇಕು. ಅಲ್ಲಿ ನೆಲೆಸಿದ ನಮ್ಮ ಹುಡುಗರಿಗೆ ಅದು ಶೋಕಿಯಲ್ಲ. ಲಡಾಖ್‌ನಲ್ಲಿ ಡೀಸೆಲ್ಲೇ ಹೆಪ್ಪುಗಟ್ಟುತ್ತಿತ್ತು. ಅದಕ್ಕೆಂದೇ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಬೀದರ್ ಸೀಮೆಗೂ ಚಳಿ ಹೊಸದಲ್ಲ. 1901ರ ಜನವರಿ 5ರಂದು ಬೀದರಿನಲ್ಲಿ 2.9 ಡಿಗ್ರಿ ದಾಖಲಾಗಿದೆ. ಆದರೂ ನಮ್ಮ ಡಿಸೆಂಬರಿನ ಬೆಳಗಿಗೆ ಡೀಸೆಲ್ ಗಟ್ಟಿಯಾಗುವುದಿಲ್ಲ, ಗಾಜಿನ ಮೇಲೆ ಬೀಳುವುದು ಇಬ್ಬನಿ ಮಾತ್ರ. ಬೇಸಿಗೆಯಲ್ಲಿ ಒಳಗಿನ ಕಾವು ಇಳಿಸಲು ಎ.ಸಿ. ಇದ್ದರೆ ರಿಮೋಟಿಗೆ ಅರ್ಥವುಂಟು. 2019ರಲ್ಲಿ ಹ್ಯುಂಡೈ ವೆನ್ಯೂ, ಕಿಯಾ ಸೆಲ್ಟೋಸ್ ಬಂದಾಗ ಕಂಪನಿಗಳು ಫೋನಿನಿಂದ ಕಾರು ಚಾಲೂ ಮಾಡುವುದನ್ನು ಇಲ್ಲಿ ಮಾರಿದ್ದೇ ಆ ತಂಪಿನ ಹೆಸರಲ್ಲಿ. ನಮ್ಮ ಏಸ್, ಹಳೆಯ ಕ್ರೂಸರುಗಳಲ್ಲಿ ಹೆಚ್ಚಿನವಕ್ಕೆ ಎ.ಸಿ.ಯೂ ಇಲ್ಲ, ಒಳಗನ್ನು ಬೆಚ್ಚಗೆ ಮಾಡುವ ಸಾಧನವೂ ಇಲ್ಲ. ಎಂಜಿನ್ ಮೊದಲೇ ಓಡಿದರೆ ಒಳಗೆ ಕೂರುವವನಿಗೆ ಬದಲಾಗುವುದು ಏನು?

‘ಎಂಜಿನ್ ಬಿಸಿ ಆಗಲಿ’ ಎನ್ನುವುದೂ ಅರ್ಧ ಸತ್ಯ. ನಿಂತಲ್ಲೇ ಓಡುವ ಡೀಸೆಲ್ ಎಂಜಿನ್ ಬಹಳ ನಿಧಾನ ಕಾಯುತ್ತದೆ. ಆಯಿಲ್ ಎಲ್ಲ ಕಡೆ ಹರಿಯಲು ಅರ್ಧ ಒಂದು ನಿಮಿಷ ಸಾಕು, ಆಮೇಲೆ ಮೆಲ್ಲಗೆ ಓಡಿಸುತ್ತ ಹೋದರೇ ಬೇಗ ಕಾವು ಹಿಡಿಯುತ್ತದೆ. ಸಣ್ಣ ಡೀಸೆಲ್ ಎಂಜಿನ್ ನಿಂತಲ್ಲೇ ಗಂಟೆಗೆ ಅರ್ಧ ಲೀಟರಿನ ಆಸುಪಾಸು ಕುಡಿಯುತ್ತದೆಂದು ಹಿಡಿಯಿರಿ. ದಿನಕ್ಕೆ ಹತ್ತು ನಿಮಿಷದಂತೆ ವರ್ಷಕ್ಕೆ 300 ದಿನ ಓಡಿಸಿದರೆ 50 ಗಂಟೆ, 25 ಲೀಟರ್ ಎಣ್ಣೆ ಹೊಗೆಯಾಗಿ ಹೋಯಿತು.

ಹಾಗಾದರೆ ಕಾಕಾ ಕೇಳಿದ್ದು ಏನನ್ನು? ನನ್ನ ಲೆಕ್ಕದಲ್ಲಿ ಅವರಿಗೆ ಬೇಕಿರುವುದು ರಿಮೋಟ್ ಅಲ್ಲ. ಚಳಿಗಾಲದ ಬೆಳಿಗ್ಗೆ ಗಾಡಿ ಒಂದೇ ಏಟಿಗೆ ಹತ್ತುವುದಿಲ್ಲ, ಓಣಿಯ ಹುಡುಗರನ್ನು ಕರೆದು ಧಕ್ಕಾ ಹೊಡೆಸಬೇಕು, ಅಷ್ಟರಲ್ಲಿ ಸಂತೆಯ ಹೊತ್ತು ಮೀರುತ್ತದೆ. ಆ ಬೇಸರವೇ ರಿಮೋಟಿನ ಆಸೆಯಾಗಿ ಬಾಯಿಗೆ ಬಂದಿರುತ್ತದೆ. ಇದು ಹಳೆಯ ಆಸೆಯೇ. ಎಂಜಿನ್ ಮುಂದೆ ನಿಂತು ಹ್ಯಾಂಡಲ್ ತಿರುಗಿಸುತ್ತಿದ್ದ ಕಾಲದಲ್ಲಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟು ಹಿಡಿಯಬೇಕೆಂದು ಕ್ಲೀನರಿಗೆ ಮೊದಲು ಕಲಿಸುತ್ತಿದ್ದರು. ಹೆಬ್ಬೆರಳು ಸುತ್ತಿ ಹಿಡಿದವನಿಗೆ ಎಂಜಿನ್ ತಿರುಗಿ ಒದ್ದರೆ ಕೈ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸೆಲ್ಫ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ನಮ್ಮ ಅಂಬಾಸಿಡರ್‌ಗಳು ಮಾತ್ರ ಎಷ್ಟೋ ವರ್ಷ ಡಿಕ್ಕಿಯಲ್ಲಿ ಹ್ಯಾಂಡಲ್ ಇಟ್ಟುಕೊಂಡೇ ತಿರುಗಿದವು, ಸೆಲ್ಫಿನ ಮೇಲೆ ಪೂರ್ತಿ ನಂಬಿಕೆ ಇಲ್ಲದೆ!

ಆ ನಂಬಿಕೆಯನ್ನು ಗಳಿಸಿಕೊಳ್ಳುವುದು ಸಾಧ್ಯ, ಖರ್ಚೂ ಕಡಿಮೆ. ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿಯಾಗಿದೆ ಎಂದರ್ಥ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಆಯುಷ್ಯ ಮುಗಿಯುತ್ತ ಬಂದಿದೆ, ಇಲ್ಲವೇ ಸೆಲ್ಫ್ ಮೋಟರಿನ ಬುಶ್ ಸವೆದು ಅದು ಹೆಚ್ಚು ಎಳೆಯುತ್ತಿದೆ. ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇದ್ದರೆ ಆಲ್ಟರ್ನೇಟರ್ ಸರಿಯಾಗಿದೆ. ಇಷ್ಟನ್ನು ನೋಡಲು ಒಂದು ಸಣ್ಣ ಮಲ್ಟಿಮೀಟರ್ ಸಾಕು.

ಅದಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಅರ್ತಿಂಗ್. ಬ್ಯಾಟರಿಯ ನೆಗೆಟಿವ್‌ನಿಂದ ಚಾಸಿಗೆ, ಚಾಸಿಯಿಂದ ಎಂಜಿನ್ನಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಹೋಗುತ್ತದೆ. ವರ್ಷಗಟ್ಟಲೆ ಕೆಸರು, ಎಣ್ಣೆ, ಬ್ಯಾಟರಿ ನೀರು ಬಿದ್ದು ಅದು ಹಸಿರು ತಿರುಗಿ ಅರ್ಧ ಎಳೆಗಳು ಹರಿದಿರುತ್ತವೆ. ಬೋಲ್ಟಿನ ಕೆಳಗೆ ಬಣ್ಣ, ತುಕ್ಕು. ಪರೀಕ್ಷೆ ಸುಲಭ: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ನಿನ ಬರಿ ಲೋಹದ ಮೇಲೆ ಇಟ್ಟು ಒಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಮೀಟರ್ 0.2, 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಷ್ಟೂ ಶಕ್ತಿ ಆ ಪಟ್ಟಿಯಲ್ಲೇ ಸೋರುತ್ತಿದೆ. ಪಟ್ಟಿ ಬದಲಿಸಿ, ಬೋಲ್ಟಿನ ಜಾಗವನ್ನು ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ ಬಿಗಿದರೆ ‘ಬ್ಯಾಟರಿ ಹೋಗ್ಯದ’ ಎಂದುಕೊಂಡಿದ್ದ ಎಷ್ಟೋ ಗಾಡಿಗಳು ಮರುದಿನ ಗರ್ ಎಂದು ತಿರುಗುತ್ತವೆ. ಹೊಸ ಬ್ಯಾಟರಿ ಮಾರುವವರು ಇದನ್ನು ಹೇಳುವುದಿಲ್ಲ. ಅವರ ವ್ಯಾಪಾರ ಅವರದು.

ಮೂರನೆಯದು ಹೀಟರ್. ನಾಲ್ಕು ಗ್ಲೋ ಪ್ಲಗ್ಗುಗಳಲ್ಲಿ ಎರಡು ಸತ್ತಿದ್ದರೂ ಬೇಸಿಗೆಯಲ್ಲಿ ಗಾಡಿ ಹತ್ತುತ್ತದೆ, ಸಂಕ್ರಾಂತಿಯ ಹೊತ್ತಿಗೆ ಬಣ್ಣ ಬಯಲಾಗುತ್ತದೆ. ಒಂದೊಂದಾಗಿ ಬಿಚ್ಚಿ ನೋಡಿದರೆ ಸತ್ತದ್ದು ಯಾವುದೆಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ನಾಲ್ಕನೆಯದು ಗಾಳಿ. ರಾತ್ರಿ ನಿಂತಾಗ ಡೀಸೆಲ್ ಪೈಪಿನ ಸಣ್ಣ ಬಿರುಕಿನಿಂದ ಗಾಳಿ ಒಳಗೆ ಬಂದು ಎಣ್ಣೆ ಹಿಂದಕ್ಕೆ ಇಳಿಯುತ್ತದೆ. ಬೆಳಿಗ್ಗೆ ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆಯದೆ ಗಾಡಿ ಹತ್ತುವುದಿಲ್ಲ. ಇಂಥ ಗಾಡಿಗೆ ರಿಮೋಟ್ ಹಾಕಿದರೆ ಆಗುವುದೇನು? ಡಬ್ಬಿ ಒಮ್ಮೆ, ಎರಡು ಸಲ, ಮೂರು ಸಲ ಸೆಲ್ಫ್ ಹೊಡೆದು ಸುಮ್ಮನಾಗುತ್ತದೆ. ಚಾ ಮುಗಿಸಿ ಬಂದವನಿಗೆ ಸಿಗುವುದು ಹತ್ತದ ಎಂಜಿನ್ ಜೊತೆಗೆ ಸತ್ತ ಬ್ಯಾಟರಿ.

ಡಬ್ಬಿಯೂ ಬ್ಯಾಟರಿಯನ್ನು ತಿನ್ನುತ್ತದೆ. ರಿಮೋಟಿನ ಸುಳಿವಿಗಾಗಿ ಅದು ಹಗಲು ರಾತ್ರಿ ಎಚ್ಚರವಾಗಿರಬೇಕಲ್ಲ. 20 ಮಿಲಿ ಆಂಪಿಯರ್ ಎಳೆದರೂ ದಿನಕ್ಕೆ ಅರ್ಧ ಆಂಪಿಯರ್ ಗಂಟೆ, ತಿಂಗಳಿಗೆ 14ರ ಮೇಲೆ. ದಿನಾ ಓಡುವ ಗಾಡಿಗೆ ಇದು ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ಕೆಲಸವಿಲ್ಲದೆ ವಾರಗಟ್ಟಲೆ ನಿಲ್ಲುವ ಗಾಡಿಗೆ ಇದೇ ಸಾಕು. ಅಗ್ಗದ ರಿಮೋಟುಗಳಲ್ಲಿ ಸಂಕೇತ ಬದಲಾಗುವುದೇ ಇಲ್ಲ, ನಕಲು ಮಾಡುವುದು ಸುಲಭ. ಸಿಮ್ಮಿನ ಡಬ್ಬಿಯಾದರೆ ಮಾಲೀಕನ ನಂಬರಿಗೆ ಮಾತ್ರ ಓಗೊಡುವಂತೆ ಹೊಂದಿಸಿರಬೇಕು, ಇಲ್ಲದಿದ್ದರೆ ಸಾಲದ ಜಾಹೀರಾತಿನ ಕರೆಗೂ ಗಾಡಿ ಚಾಲೂ ಆದೀತು.

ರಿಮೋಟ್ ಸ್ಟಾರ್ಟ್ ಯಾರಿಗೂ ಬೇಡ ಎಂದು ನಾನು ಹೇಳುತ್ತಿಲ್ಲ. ರೋಗಿಗಳನ್ನು ಒಯ್ಯುವ ಎ.ಸಿ. ಗಾಡಿ, ತಂಪು ಪೆಟ್ಟಿಗೆಯ ಗಾಡಿ, ಸೀಟಿಗೆ ಹತ್ತಿ ಇಳಿಯುವುದೇ ಕಷ್ಟವಾದ ಅಂಗವಿಕಲ ಮಾಲೀಕರು, ಇವರಿಗೆ ಅದು ಉಪಯೋಗದ್ದೇ. ಅಂಥವರು ಹಾಕಿಸುವುದಾದರೆ ಕೆಲಸದ ಕ್ರಮ ಹೀಗಿರಲಿ: ಮೊದಲು ಹ್ಯಾಂಡ್‌ಬ್ರೇಕಿನ ಕೇಬಲ್ಲು, ಲೈನರ್ ಹೊಸದು. ಇಳಿಜಾರಿನಲ್ಲಿ ನಿಲ್ಲಿಸಿ ಹಿಡಿಯುತ್ತದೆಂದು ಕಣ್ಣಾರೆ ನೋಡಬೇಕು. ಆಮೇಲೆ ಅರ್ತಿಂಗ್, ಬ್ಯಾಟರಿ, ಹೀಟರ್. ಆಮೇಲೆ ನ್ಯೂಟ್ರಲ್ ಸ್ವಿಚ್ಚು, ಬಾನೆಟ್ ಸ್ವಿಚ್ಚು. ಕೊನೆಗೆ ಡಬ್ಬಿ. ಗ್ಯಾರೇಜಿನಿಂದ ಹೊರಡುವ ಮೊದಲು ಮುಂದೆ ಹಿಂದೆ ಯಾರೂ ಇಲ್ಲದ ಬಯಲಿನಲ್ಲಿ, ಮಿಸ್ತ್ರಿಯನ್ನು ಸೀಟಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ಕೂರಿಸಿ, ಬೇಕೆಂದೇ ಫಸ್ಟ್ ಗೇರ್ ಹಾಕಿಸಿ ರಿಮೋಟ್ ಒತ್ತಿ ನೋಡಿ. ಸೆಲ್ಫ್ ಒಂದು ಸುತ್ತು ತಿರುಗಿದರೂ ಆ ಕೆಲಸ ಮುಗಿದಿಲ್ಲ, ಹಣ ಕೊಡಬೇಡಿ. ನ್ಯೂಟ್ರಲ್ ಸ್ವಿಚ್ ಯಾಕೆ ಬೇಕು ಎಂದು ನಗುವ ಮಿಸ್ತ್ರಿಯ ಹತ್ತಿರ ಈ ಕೆಲಸ ಮಾಡಿಸಲೇಬೇಡಿ.